ಪಂಕ್ತಿಭೇದವಿಲ್ಲದ ಸಭೆ

ಓದತಕ್ಕ ವೇದಭಾಗಗಳು: ಅಪೊಸ್ತಲರ ಕೃತ್ಯಗಳು 6:1–7, 11:19–30, 13:1–3. ಗಲಾತ್ಯದವರಿಗೆ 2:11–14. ಎಫೆಸದವರಿಗೆ 2:11–22. ಯಾಕೋಬನು 2:1–9.



ಊಟಕ್ಕೆ ಎಲೆ ಹಾಕುವಾಗ ಯಾರು ಒಳಗೆ ಕೂತುಕೊಳ್ಳತಕ್ಕದ್ದು, ಯಾರು ಜಗಲಿಯಲ್ಲಿ, ಯಾರು ಅಂಗಳದಲ್ಲಿ, ಯಾರಿಗೆ ಮೊದಲು ಬಡಿಸತಕ್ಕದ್ದು ಎಂಬ ಏರ್ಪಾಡಿಗೆ ನಮ್ಮ ಭಾಷೆಯಲ್ಲಿ ಪಂಕ್ತಿಭೇದವೆಂಬ ಹೆಸರುಂಟು. ಇದನ್ನು ಕಲಿಸುವದಕ್ಕೆ ಶಾಲೆ ಬೇಕಾಗಿಲ್ಲ. ಮಗು ತಾಯಿಯ ಸೊಂಟದ ಮೇಲೆ ಇರುವಾಗಲೇ ನೋಡಿ ಕಲಿತುಬಿಡುತ್ತದೆ. 1950ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಆದರೆ ಕಾನೂನು ಬಾವಿಯನ್ನೂ ಬೀದಿಯನ್ನೂ ಕಾಯಬಹುದೇ ಹೊರತು ಮನಸ್ಸನ್ನು ಕಾಯಲಾರದು. ಕ್ರಿಸ್ತನ ಸಭೆಗೆ ಬರುವವರಲ್ಲಿಯೂ ಕೆಲವರು ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಜಾತಿಯನ್ನು ಮಾತ್ರ ಒಳಗೆ ತರುವದುಂಟು.

ಬೇರೆ ಬೇರೆ ಜಾತಿ, ಬಣ್ಣ, ಭಾಷೆ, ಕೇರಿಗಳಿಂದ ಬಂದವರು ಒಂದೇ ಸಭೆಯಾಗಿ ಬೆಳೆಯುವದು ಹೇಗೆ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ. ದೇವಾಲಯದ ಬಾಗಿಲು ಎಲ್ಲರಿಗೂ ತೆರೆದಿದ್ದರೆ ಸಾಕೆಂದು ಅನೇಕರು ನೆನಸುತ್ತಾರೆ. ಸಾಲದೆಂದು ವೇದವೂ ಸಭೆಯ ಚರಿತ್ರೆಯೂ ನಮಗೆ ಕಲಿಸುತ್ತವೆ. ಬಾಗಿಲನ್ನು ದಾಟಿದ ಮೇಲೆ ಕರ್ತನ ಮೇಜು ಉಂಟು. ಮೇಜಿನ ಆಚೆ ಹಿರಿಯರ ಪೀಠ ಉಂಟು. ಬಾಗಿಲು, ಮೇಜು, ಪೀಠ ಈ ಮೂರೂ ಎಲ್ಲರಿಗೂ ಸಮವಾಗಿ ದೊರೆತಾಗಲೇ ಸಭೆಯು ಒಂದಾಯಿತೆಂದು ಹೇಳಬಹುದು.

1. ಗೊಣಗಿದವರ ಕೈಗೆ ಬೀಗದ ಕೈ

ಯೆರೂಸಲೇಮಿನ ಮೊದಲನೆಯ ಸಭೆಯಲ್ಲಿದ್ದವರು ಬಹುಮಟ್ಟಿಗೆ ಯೆಹೂದ್ಯರೇ. ಆದರೂ ಅವರಲ್ಲಿ ಎರಡು ಪಂಗಡಗಳಿದ್ದವು. ಕೆಲವರು ಆ ದೇಶದ ಭಾಷೆಯನ್ನಾಡುವವರು. ಮತ್ತೆ ಕೆಲವರು ಪರದೇಶಗಳಲ್ಲಿ ಬೆಳೆದು ಗ್ರೀಕ್ ಭಾಷೆಯನ್ನಾಡುವವರು. ದಿನದಿನದ ಆಹಾರವನ್ನು ಹಂಚುವಾಗ ಗ್ರೀಕ್ ಭಾಷೆಯವರ ವಿಧವೆಯರು ಬಿಟ್ಟುಹೋಗುತ್ತಿದ್ದರು. ಅದರಿಂದ ಗೊಣಗಾಟ ಎದ್ದಿತು. ಸಭೆಯೊಳಗೆ ಪಂಗಡ ಪಂಗಡಗಳ ನಡುವೆ ಎದ್ದ ಮೊದಲನೆಯ ವ್ಯಾಜ್ಯವು ಉಪದೇಶದ ವಿಷಯವಾಗಿ ಅಲ್ಲ, ಅನ್ನದ ವಿಷಯವಾಗಿ ಎದ್ದಿತೆಂಬದನ್ನು ಗಮನಿಸಿರಿ.

ಅಪೊಸ್ತಲರು ಏನು ಮಾಡಿದರು? ಗೊಣಗಿದವರನ್ನು ಗದರಿಸಲಿಲ್ಲ. ಎಲ್ಲರೂ ಕ್ರಿಸ್ತನಲ್ಲಿ ಒಂದೇ ಆಗಿರುವಾಗ ಈ ಮಾತೇಕೆಂದು ಬಾಯಿ ಮುಚ್ಚಿಸಲೂ ಇಲ್ಲ. ಸಭೆಯೆಲ್ಲವನ್ನೂ ಕೂಡಿಸಿ ಏಳು ಮಂದಿಯನ್ನು ಆರಿಸಿಕೊಳ್ಳುವಂತೆ ಹೇಳಿದರು. ಆರಿಸಲ್ಪಟ್ಟವರ ಹೆಸರುಗಳನ್ನು ಓದಿರಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಕಡೆಯವನಾದ ನಿಕೊಲಾಯನು ಹುಟ್ಟಿನಿಂದ ಯೆಹೂದ್ಯನೇ ಅಲ್ಲ. ಅಂತಿಯೋಕ್ಯದಿಂದ ಬಂದು ಯೆಹೂದ ಮತಕ್ಕೆ ಸೇರಿದವನು. ಹೀಗಿರಲಾಗಿ ಯಾವ ಪಂಗಡಕ್ಕೆ ಅನ್ಯಾಯವಾಗಿತ್ತೋ ಆ ಪಂಗಡದವರ ಕೈಗೇ ಸಭೆಯು ಕಣಜದ ಬೀಗದ ಕೈಯನ್ನು ಕೊಟ್ಟಿತೆಂದು ತೋರುತ್ತದೆ. ಇದರ ಫಲವಾಗಿ ದೇವರ ವಾಕ್ಯವು ಪ್ರಬಲವಾಗಿ ಶಿಷ್ಯರ ಸಂಖ್ಯೆಯು ಹೆಚ್ಚಿತೆಂದು ಏಳನೆಯ ವಚನದಿಂದ ತಿಳಿಯುತ್ತೇವೆ.

2. ಅಂತಿಯೋಕ್ಯದ ಮೇಜು

ಅಂತಿಯೋಕ್ಯವು ರೋಮ್ ಸಾಮ್ರಾಜ್ಯದಲ್ಲಿ ರೋಮಾಪುರಕ್ಕೂ ಅಲೆಕ್ಸಾಂದ್ರಿಯಕ್ಕೂ ಮೂರನೆಯದಾಗಿದ್ದ ಮಹಾನಗರ. ಈಗ ಅದು ತುರ್ಕಿ ದೇಶದ ಅಂತಾಕ್ಯ ಎಂಬ ಪಟ್ಟಣ. ಹಿಂಸೆಯಿಂದ ಚದರಿಹೋದ ಕೆಲವು ಮಂದಿ ಕುಪ್ರದವರೂ ಕುರೇನೆದವರೂ ಅಲ್ಲಿ ಗ್ರೀಕರಿಗೂ ಸುವಾರ್ತೆಯನ್ನು ಹೇಳಿದರು. ಅವರ ಹೆಸರುಗಳು ಸಹ ನಮಗೆ ಉಳಿದಿಲ್ಲ. ಕ್ರೈಸ್ತರೆಂಬ ಹೆಸರು ಮೊದಲು ಹುಟ್ಟಿದ್ದು ಆ ಊರಿನಲ್ಲಿಯೇ. ಅದುವರೆಗೆ ಊರಿನ ಜನರು ಒಬ್ಬನನ್ನು ಯೆಹೂದ್ಯನೆಂದೋ ಗ್ರೀಕನೆಂದೋ ಸುರಿಯದವನೆಂದೋ ಕುಲದಿಂದ ಕರೆಯುತ್ತಿದ್ದರು. ಈ ಹೊಸ ಗುಂಪಿನಲ್ಲಿಯಾದರೋ ಎಲ್ಲರೂ ಬೆರೆತುಹೋಗಿದ್ದರಿಂದ ಯಾವ ಕುಲದ ಹೆಸರೂ ಸರಿಬೀಳದೆ, ಅವರು ಯಾರ ಹೆಸರನ್ನು ಹೇಳುತ್ತಿದ್ದರೋ ಆತನ ಹೆಸರನ್ನೇ ಅವರಿಗೆ ಇಡಬೇಕಾಯಿತೆಂದು ಊಹಿಸಬಹುದು.

ಆ ಸಭೆಯ ಪ್ರವಾದಿಗಳೂ ಬೋಧಕರೂ ಯಾರಾಗಿದ್ದರು? ಐದು ಹೆಸರುಗಳುಂಟು (ಅ. ಕೃ. 13:1). ಬಾರ್ನಬನು ಕುಪ್ರದ್ವೀಪದ ಲೇವಿಯನು. ಸಿಮೆಯೋನನಿಗೆ ನೀಗರನೆಂಬ ಅಡ್ಡಹೆಸರು. ಅದರ ಅರ್ಥವು ಕಪ್ಪು ಬಣ್ಣದವನೆಂಬದು. ಲೂಕ್ಯನು ಉತ್ತರ ಆಫ್ರಿಕದ ಕುರೇನೆದವನು. ಮೆನಹೇನನು ಹೆರೋದನೊಡನೆ ಅರಮನೆಯಲ್ಲಿ ಬೆಳೆದವನು. ಸೌಲನು ತಾರ್ಸದ ಫರಿಸಾಯನು. ಅರಮನೆಯವನೂ ಆಫ್ರಿಕದವನೂ ಒಟ್ಟಿಗೆ ಉಪವಾಸವಿದ್ದು ಒಟ್ಟಿಗೆ ಪ್ರಾರ್ಥಿಸಿದರು. ಯೆಹೂದದಲ್ಲಿ ಬರಗಾಲ ಬರುವದೆಂದು ಕೇಳಿದಾಗ ತಮಗೆ ಪರಜನರಾಗಿದ್ದ ಅಲ್ಲಿಯ ಸಹೋದರರಿಗೆ ಈ ಸಭೆಯು ಹಣವನ್ನು ಕಳುಹಿಸಿತು. ಪೌಲ ಬಾರ್ನಬರನ್ನು ದೂರದ ಜನಾಂಗಗಳಿಗೆ ಕಳುಹಿಸಿದ ಸಭೆಯೂ ಇದೇ.

ಇಂಥ ಸಭೆಯಲ್ಲಿಯೂ ಮೇಜು ಒಡೆಯಿತು. ಪೇತ್ರನು ಅಲ್ಲಿಗೆ ಬಂದು ಅನ್ಯಜನರಾಗಿದ್ದ ವಿಶ್ವಾಸಿಗಳ ಸಂಗಡ ಊಟಮಾಡುತ್ತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದಾಗ ಅವರಿಗೆ ಹೆದರಿ ಬೇರೆಯಾದನು. ಅವನನ್ನು ನೋಡಿ ಬಾರ್ನಬನೂ ಹಿಂಜರಿದನು. ಪೇತ್ರನು ವಿಶ್ವಾಸವನ್ನು ಬಿಡಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಊಟದ ಸ್ಥಳವನ್ನು ಬದಲಾಯಿಸಿದನು, ಅಷ್ಟೇ. ಆದರೂ ಪೌಲನು ಇದನ್ನು ಸಣ್ಣ ಸಂಗತಿಯೆಂದು ಎಣಿಸದೆ ಎಲ್ಲರ ಮುಂದೆ ಅವನನ್ನು ಎದುರಿಸಿದನು. ಯಾಕಂದರೆ ಸುವಾರ್ತೆಯ ಸತ್ಯವೇ ಆ ಊಟದ ಪಂಕ್ತಿಯಲ್ಲಿ ನಿಂತಿತ್ತು.

ಯೆರೂಸಲೇಮಿನ ದೇವಾಲಯದ ಅಂಗಳದಲ್ಲಿ ಅನ್ಯಜನರನ್ನು ತಡೆಯುವ ಒಂದು ಗೋಡೆಯಿತ್ತು. ಅದನ್ನು ದಾಟುವ ಪರಜನನು ತನ್ನ ಮರಣಕ್ಕೆ ತಾನೇ ಕಾರಣನೆಂದು ಅಲ್ಲಿ ಕಲ್ಲಿನ ಮೇಲೆ ಗ್ರೀಕ್ ಭಾಷೆಯಲ್ಲಿ ಕೆತ್ತಿದ್ದರು. ಅಂಥ ಒಂದು ಕಲ್ಲು 1871ರಲ್ಲಿ ಯೆರೂಸಲೇಮಿನಲ್ಲಿ ಸಿಕ್ಕಿತು. ಕ್ರಿಸ್ತನು ನಡುಗೋಡೆಯನ್ನು ಕೆಡವಿದನೆಂದು ಪೌಲನು ಎಫೆಸದವರಿಗೆ ಬರೆದಾಗ ಅವನ ಓದುಗರಲ್ಲಿ ಕೆಲವರಿಗಾದರೂ ಆ ಗೋಡೆಯು ಕಣ್ಣ ಮುಂದೆ ಬಂದಿರಬೇಕು.

3. ಬಲಹೀನರ ನಿಮಿತ್ತವಾಗಿ ಕೊಟ್ಟ ಅಪ್ಪಣೆ

ಅಪೊಸ್ತಲರ ಕಾಲವು ಬಹು ದೂರದ್ದೆಂದು ಹೇಳುವವರಿಗಾಗಿ ಹತ್ತಿರದ ಕಾಲದ ಒಂದು ಚರಿತ್ರೆಯನ್ನು ನೋಡೋಣ. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಲ್ಲಿ ಡಚ್ಚರ ರಿಫಾರ್ಮ್ಡ್ ಸಭೆಯು ಬೇರೂರಿತ್ತು. ಬಿಳಿಯ ಜಮೀನುದಾರರೂ, ಅವರ ಹೊಲಮನೆಗಳಲ್ಲಿ ದುಡಿಯುತ್ತಿದ್ದ ಕಪ್ಪು ಬಣ್ಣದವರೂ, ಮಿಶ್ರವಂಶದವರೂ ಅದರಲ್ಲಿ ದೀಕ್ಷಾಸ್ನಾನ ಹೊಂದಿದ್ದರು. ಎಲ್ಲರೂ ಕರ್ತನ ಭೋಜನಕ್ಕೆ ಒಟ್ಟಿಗೆ ಬರಬಹುದೋ ಎಂಬ ಪ್ರಶ್ನೆ ಎದ್ದಾಗ 1829ರಲ್ಲಿ ಅಲ್ಲಿಯ ಸಿನೊದ್ ಸಭೆಯು ಬಣ್ಣವನ್ನಾಗಲಿ ಹುಟ್ಟನ್ನಾಗಲಿ ನೋಡದೆ ಎಲ್ಲರಿಗೂ ಏಕಕಾಲದಲ್ಲಿಯೇ ಭೋಜನವನ್ನು ಕೊಡತಕ್ಕದ್ದೆಂದು ತೀರ್ಮಾನಿಸಿತು. ಇದು ಒಳ್ಳೆಯ ತೀರ್ಮಾನವೇ.

ಆದರೆ ಕೆಲವು ಬಿಳಿಯರಿಗೆ ಇದು ಒಗ್ಗಲಿಲ್ಲ. 28 ವರುಷಗಳಾದ ಮೇಲೆ, 1857ರಲ್ಲಿ, ಅದೇ ಸಿನೊದ್ ಮತ್ತೊಂದು ತೀರ್ಮಾನ ಮಾಡಿತು. ಹೊಸ ವಿಶ್ವಾಸಿಗಳನ್ನು ಇರುವ ಸಭೆಗಳಲ್ಲಿಯೇ ಸೇರಿಸಿಕೊಳ್ಳುವದು ವೇದಾನುಸಾರವಾದದ್ದೆಂದು ಒಪ್ಪಿಕೊಂಡು, ಕೆಲವರ ಬಲಹೀನತೆಯ ನಿಮಿತ್ತ ಇದಕ್ಕೆ ಅಡ್ಡಿಯಾದಲ್ಲಿ ಅವರನ್ನು ಬೇರೆ ಕಟ್ಟಡದಲ್ಲಿ ಕೂಡಿಸಬಹುದೆಂದು ಅಪ್ಪಣೆ ಕೊಟ್ಟಿತು. ತಾತ್ಪರ್ಯವು ಇಷ್ಟೇ: ನಿಯಮ ಹಾಗೆಯೇ ಇರಲಿ, ಸದ್ಯಕ್ಕೆ ರಿಯಾಯಿತಿ ಇರಲಿ.

ಸದ್ಯದ ರಿಯಾಯಿತಿಯು ಏನಾಯಿತೆಂದರೆ, 1881ರಲ್ಲಿ ಮಿಶ್ರವಂಶದವರಿಗಾಗಿ ಪ್ರತ್ಯೇಕವಾದ ಸಭೆಯೇ ಸ್ಥಾಪಿತವಾಯಿತು. ಕಪ್ಪು ಜನರಿಗೆ ಮತ್ತೊಂದು, ಅಲ್ಲಿಯ ಹಿಂದೂದೇಶದವರಿಗೆ ಇನ್ನೊಂದು, ಹೀಗೆ ಗೋಡೆಗಳು ಬೆಳೆದವು. 1948ರಿಂದ ಸರಕಾರವೇ ವರ್ಣಭೇದವನ್ನು ದೇಶದ ಕಟ್ಟಳೆಯಾಗಿ ಮಾಡಿದಾಗ ಅದಕ್ಕೆ ವೇದದ ಆಧಾರವನ್ನು ಹುಡುಕಿಕೊಟ್ಟವರಲ್ಲಿ ಈ ಸಭೆಯ ಬೋಧಕರೂ ಇದ್ದರು. ಬೇರ್ಪಡಿಸಲ್ಪಟ್ಟ ಮಿಶ್ರವಂಶದವರ ಸಭೆಯೇ 1982ರಲ್ಲಿ ಬೆಲ್‌ಹಾರ್ ಎಂಬ ಸ್ಥಳದಲ್ಲಿ ಕೂಡಿ, ಐಕ್ಯ, ಸಮಾಧಾನ, ನ್ಯಾಯ ಎಂಬ ಮೂರು ವಿಷಯಗಳಲ್ಲಿ ಒಂದು ವಿಶ್ವಾಸಪ್ರಮಾಣವನ್ನು ರಚಿಸಿ 1986ರಲ್ಲಿ ಅಂಗೀಕರಿಸಿತು. 1994ರಲ್ಲಿ ಆ ಸಭೆಯೂ ಕಪ್ಪು ಜನರ ಸಭೆಯೂ ಒಂದಾದವು. ಒಂದು ರಿಯಾಯಿತಿಯಿಂದ ಹುಟ್ಟಿದ ಬಿರುಕುಗಳಲ್ಲಿ ಒಂದನ್ನು ಮುಚ್ಚುವದಕ್ಕೆ 137 ವರುಷಗಳು ಹಿಡಿದವು.

ಬಲಹೀನರ ನಿಮಿತ್ತ ತಾಳಿಕೊಳ್ಳಬೇಕೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಹೇಳಿದ್ದಾನಲ್ಲವೇ ಎಂದು ಕೇಳಬಹುದು. ಹೌದು. ಆದರೆ ಅಲ್ಲಿ ಬಲಿಷ್ಠನು ತನ್ನ ಮಾಂಸವನ್ನು ತಾನೇ ಬಿಡುತ್ತಾನೆ; ತನ್ನ ಸಹೋದರನನ್ನು ಮೇಜಿನಿಂದ ಎಬ್ಬಿಸುವದಿಲ್ಲ. ಕೇಪ್ ಪ್ರಾಂತದಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದದ್ದು. ಹೊಲವೂ ಹಣವೂ ಅಧಿಕಾರವೂ ಇದ್ದವರನ್ನು ಬಲಹೀನರೆಂದು ಕರೆದರು. ಏನೂ ಇಲ್ಲದವರು ತಮ್ಮ ಸ್ಥಳವನ್ನು ಬಿಟ್ಟುಕೊಡಬೇಕಾಯಿತು. ನಮ್ಮ ಊರುಗಳಲ್ಲಿಯೂ ಜಮೀನುದಾರರ ಮನಸ್ಸು ನೊಂದೀತೆಂದು ಕೂಲಿಯವರನ್ನು ಹಿಂದೆ ಕೂಡ್ರಿಸುವಾಗ ಬಲಹೀನರು ಯಾರು, ಬಿಟ್ಟುಕೊಡುವವರು ಯಾರು ಎಂದು ವಿಚಾರಿಸತಕ್ಕದ್ದು.

4. ನಮ್ಮ ದೇಶದ ಸಭೆಗಳಲ್ಲಿ

ದೂರದೇಶದವರನ್ನು ದೂಷಿಸಿ ನಾವು ತಪ್ಪಿಸಿಕೊಳ್ಳಲಾಗದು. 1706ರಲ್ಲಿ ಸೀಗನ್‌ಬಾಲ್ಗ್ ಮತ್ತು ಪ್ಲೂಚೌ ಎಂಬ ಇಬ್ಬರು ಮಿಶನರಿಗಳು ತಮಿಳು ನಾಡಿನ ತರಂಗಂಬಾಡಿಗೆ ಬಂದು ಪ್ರಾಟೆಸ್ಟೆಂಟ್ ಸೇವೆಯನ್ನು ಆರಂಭಿಸಿದರು. ಅವರು ನೆಟ್ಟ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದವರೂ ಅಸ್ಪೃಶ್ಯರೆನಿಸಿಕೊಂಡವರೂ ಒಂದೇ ಛಾವಣಿಯ ಕೆಳಗೆ ಬೇರೆ ಬೇರೆ ಕೂತುಕೊಳ್ಳುತ್ತಿದ್ದರು. ಕಾಲಕ್ರಮದಲ್ಲಿ ಸರಿಹೋಗುವದೆಂದು ಮಿಶನರಿಗಳು ಸುಮ್ಮನಿದ್ದರು. 1733ರಲ್ಲಿ ಆರೋನ್ ಎಂಬವರು ಈ ದೇಶದವರಲ್ಲಿ ಮೊದಲನೆಯ ಪ್ರಾಟೆಸ್ಟೆಂಟ್ ಬೋಧಕರಾಗಿ ಅಭಿಷಿಕ್ತರಾದರು. ಎರಡನೆಯ ಬೋಧಕರನ್ನು ಆರಿಸುವಾಗ ತಂಜಾವೂರಿನ ಕಡೆಯಲ್ಲಿ ಬಹಳ ಕಷ್ಟಪಟ್ಟು ಸುವಾರ್ತೆ ಸಾರಿದ ರಾಜನಾಯಕ್ಕನ್ ಎಂಬ ಉಪದೇಶಿಯ ಹೆಸರು ಬಂತು. ಆದರೆ ಅವರು ಹುಟ್ಟಿದ ಜಾತಿಯ ನಿಮಿತ್ತ ಅವರ ಕೈಯಿಂದ ಕರ್ತನ ಭೋಜನವನ್ನು ಮೇಲ್ಜಾತಿಯವರು ತೆಗೆದುಕೊಳ್ಳಲಾರರೆಂಬ ಭಯದಿಂದ ಅವರನ್ನು ಬಿಟ್ಟು 1741ರಲ್ಲಿ ದಿಯೋಗೊ ಎಂಬವರನ್ನು ಅಭಿಷೇಕಿಸಿದರು. ಬಾಗಿಲು ತೆರೆದಿತ್ತು, ಪೀಠವು ಮುಚ್ಚಿತ್ತು.

ಕಾಲವು ತಾನಾಗಿಯೇ ಇದನ್ನು ಸರಿಪಡಿಸಲಿಲ್ಲ. ಸುಮಾರು ನೂರು ವರುಷಗಳಾದ ಮೇಲೆ, 1833ರಲ್ಲಿ, ಕಲ್ಕತ್ತದ ಬಿಷಪ್ ಡೇನಿಯೆಲ್ ವಿಲ್ಸನ್ ದಕ್ಷಿಣದ ಸಭೆಗಳಿಗೆ ಪತ್ರ ಬರೆದು ಸಭೆಯೊಳಗೆ ಜಾತಿಭೇದವನ್ನು ಕೂಡಲೇ ಸಂಪೂರ್ಣವಾಗಿ ಬಿಡಬೇಕೆಂದು ಆಜ್ಞಾಪಿಸಿದರು. ಮದ್ರಾಸಿನ ವೇಪೇರಿಯಲ್ಲಿಯೂ ತಂಜಾವೂರಿನಲ್ಲಿಯೂ ಅನೇಕರು ಸಭೆಯನ್ನೇ ಬಿಟ್ಟುಹೋದರು. ಪ್ರಸಿದ್ಧ ಕ್ರೈಸ್ತ ಕವಿಗಳಾದ ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ಸಹ ಇದನ್ನು ವಿರೋಧಿಸಿದರು. ಭಕ್ತಿಯ ಗೀತಗಳನ್ನು ಕಟ್ಟಿದ ಬಾಯಿಯೂ ಪಂಕ್ತಿಯ ವಿಷಯದಲ್ಲಿ ಬೇರೆ ಮಾತನಾಡಬಹುದೆಂದು ಇದರಿಂದ ಕಲಿಯುತ್ತೇವೆ. ನೂರು ವರುಷ ಬಿಟ್ಟ ಮುಳ್ಳನ್ನು ಒಂದು ದಿನದಲ್ಲಿ ಕೀಳುವಾಗ ರಕ್ತ ಬಾರದಿರದು. ಮೊದಲನೆಯ ದಿನವೇ ಕಿತ್ತಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ನಮ್ಮ ಕನ್ನಡ ಸೀಮೆಯಲ್ಲಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಸಭೆಯಲ್ಲಿ ಜಾತಿಗೆ ಸ್ಥಳವಿಲ್ಲವೆಂದು ಗಟ್ಟಿಯಾಗಿ ಹಿಡಿದರು. 1844ರಲ್ಲಿ ಆನಂದರಾವ್ ಕೌಂಡಿಣ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಹೊಂದಿ ಹೆರ್ಮನ್ ಎಂಬ ಹೆಸರನ್ನು ತೆಗೆದುಕೊಂಡರು. ಮುಂದೆ ಅವರು ಬಾಸೆಲಿನಲ್ಲಿ ಕಲಿತು ಅಭಿಷಿಕ್ತರಾಗಿ ಬಂದು ಮಂಗಳೂರಿನಲ್ಲಿ ಉಪದೇಶಿಗಳನ್ನು ಕಲಿಸಿದರು. ಆ ಸೀಮೆಯ ಸಭೆಗಳಲ್ಲಿ ಹೆಚ್ಚಿನವರು ಬಿಲ್ಲವರಾಗಿದ್ದರು. ಹಳೆಯ ಕಸುಬನ್ನೂ ಮನೆಮಾರನ್ನೂ ಕಳಕೊಂಡವರಿಗೆ ಮಗ್ಗದ ಕೆಲಸವೂ, 1865ರಿಂದ ಹೆಂಚಿನ ಕಾರ್ಖಾನೆಯೂ ಜೀವನೋಪಾಯವಾದವು. ಬೇರೆ ಬೇರೆ ಕುಲಗಳಲ್ಲಿ ಹುಟ್ಟಿದವರು ಒಂದೇ ಮಣ್ಣನ್ನು ತುಳಿದು ಒಂದೇ ಅಚ್ಚಿನಲ್ಲಿ ಹೆಂಚು ತೆಗೆದದ್ದು ಪ್ರಸಂಗಕ್ಕಿಂತ ಕಡಿಮೆಯಾದ ಪಾಠವಲ್ಲ. ಆದರೂ ನಿಯಮವನ್ನು ಬರೆದ ಮಾತ್ರಕ್ಕೆ ಹೃದಯದೊಳಗಿನ ಜಾತಿಯು ಅಳಿದುಹೋಗುವದಿಲ್ಲ; ಪ್ರತಿಯೊಂದು ತಲೆಮಾರೂ ಅದನ್ನು ಪುನಃ ಬಿಡಬೇಕಾಗುತ್ತದೆ.

5. ಒಂದು ಆಕ್ಷೇಪಣೆಯೂ ಒಂದು ವಿವೇಚನೆಯೂ

ಜನರನ್ನು ಅವರವರ ಕುಲದವರೊಡನೆಯೇ ಕೂಡಿಸಿದರೆ ಸಭೆಯು ಬೇಗ ಬೆಳೆಯುವದೆಂದು ಹೇಳುವವರುಂಟು. ನಮ್ಮ ದೇಶದಲ್ಲಿಯೇ ಹುಟ್ಟಿ ಇಲ್ಲಿಯೇ ಮಿಶನರಿಯಾಗಿದ್ದ ಡೊನಾಲ್ಡ್ ಮೆಕ್‌ಗಾವ್ರನ್ ಎಂಬವರು 1955ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿಯೂ ಆಮೇಲಿನ ಬರಹಗಳಲ್ಲಿಯೂ, ಜನರು ಕುಲದ ಗಡಿಯನ್ನು ದಾಟದೆ ವಿಶ್ವಾಸಕ್ಕೆ ಬರಲು ಇಷ್ಟಪಡುತ್ತಾರೆಂದು ವಾದಿಸಿದರು. ಇದರಲ್ಲಿ ನಿಜವಿಲ್ಲದೆ ಇಲ್ಲ. ಈ ದೇಶದ ಅನೇಕ ಸಭೆಗಳು ಒಂದು ಕೇರಿಯ ಜನರು ಒಟ್ಟಾಗಿ ಬಂದದ್ದರಿಂದಲೇ ಹುಟ್ಟಿದವು. ಆದರೆ ಜನರು ಹೇಗೆ ಬರುತ್ತಾರೆಂಬದು ಒಂದು ಮಾತು; ಬಂದವರು ಹೇಗೆ ಬಾಳಬೇಕೆಂಬದು ಮತ್ತೊಂದು ಮಾತು. ನಾಲ್ಕು ಹಳ್ಳಗಳು ಬೇರೆ ಬೇರೆ ದಾರಿಯಿಂದ ಬಂದರೂ ಹೊಳೆಯನ್ನು ಸೇರಿದ ಮೇಲೆ ತಮ್ಮ ನೀರನ್ನು ಬೇರೆ ಇಟ್ಟುಕೊಳ್ಳಲಾರವು.

ಎಲ್ಲರೂ ಒಂದೇ ರೀತಿಯಾಗಬೇಕೆಂದು ಇದರ ಅರ್ಥವಲ್ಲ. ಪಂಚಾಶತ್ತಮ ದಿನದಲ್ಲಿ ಪ್ರತಿಯೊಬ್ಬನು ತನ್ನ ತನ್ನ ಭಾಷೆಯಲ್ಲಿ ದೇವರ ಮಹತ್ತುಗಳನ್ನು ಕೇಳಿದನು. ಮಂಗಳೂರಿನ ಮಿಶನರಿಗಳು ಕನ್ನಡದಲ್ಲಿ ನಿಲ್ಲದೆ 1847ರಲ್ಲಿ ತುಳು ಭಾಷೆಯಲ್ಲಿಯೂ ಹೊಸ ಒಡಂಬಡಿಕೆಯನ್ನು ಅಚ್ಚುಹಾಕಿಸಿದರು. ಭಾಷೆ, ಹಾಡು, ಅಡಿಗೆ, ಉಡುಗೆ ಇವು ಸಭೆಗೆ ತಂದ ಕಾಣಿಕೆಗಳು, ಒಬ್ಬರಿಂದೊಬ್ಬರು ಕಲಿಯಬಹುದಾದವು. ಜಾತಿಯಾದರೋ ಕಲಿಯಲಿಕ್ಕೂ ಹಂಚಲಿಕ್ಕೂ ಆಗದ್ದು. ಅದು ಒಬ್ಬನನ್ನು ಹುಟ್ಟಿನಿಂದಲೇ ಮೇಲೆಯೂ ಮತ್ತೊಬ್ಬನನ್ನು ಹುಟ್ಟಿನಿಂದಲೇ ಕೆಳಗೂ ಇಡುತ್ತದೆ. ಕಾಣಿಕೆಯನ್ನು ಇಟ್ಟುಕೊಳ್ಳೋಣ, ಅಳತೆಗೋಲನ್ನು ಮುರಿಯೋಣ.

6. ನಾವು ಮಾಡತಕ್ಕವುಗಳು

ಮೊದಲನೆಯದು, ಕೂತುಕೊಳ್ಳುವ ಸ್ಥಳ. ಮೊದಲು ಬಂದವರು ಮುಂದಿನ ಚಾಪೆಯಲ್ಲಿ ಕೂತುಕೊಳ್ಳಲಿ. ಯಾಕೋಬನು ಬಯ್ದದ್ದು ಇದನ್ನೇ: ಬಂಗಾರದ ಉಂಗುರದವನಿಗೆ ಒಳ್ಳೆಯ ಆಸನವನ್ನೂ ಬಡವನಿಗೆ ಕಾಲಬಳಿಯ ನೆಲವನ್ನೂ ತೋರಿಸುವದನ್ನು.

ಎರಡನೆಯದು, ಕರ್ತನ ಮೇಜು. ಒಂದು ಕೇರಿಯವರು ಮೊದಲು, ಮತ್ತೊಂದು ಕೇರಿಯವರು ಕಡೆಗೆ ಎಂಬ ವಾಡಿಕೆ ಎಲ್ಲಿಯಾದರೂ ಇದ್ದರೆ ಅದನ್ನು ಬಿಡತಕ್ಕದ್ದು. ಪಾತ್ರೆಯನ್ನು ಹಿಡಿಯುವ ಹಿರಿಯರೂ ಸರದಿಯ ಪ್ರಕಾರ ಎಲ್ಲಾ ಕೇರಿಗಳಿಂದ ಬರಲಿ.

ಮೂರನೆಯದು, ಮನೆಯ ಊಟ. ದೇವಾಲಯದಲ್ಲಿ ಒಂದಾಗಿದ್ದು ಮನೆಯ ಹೊಸ್ತಿಲಲ್ಲಿ ಬೇರೆಯಾದರೆ ಅದು ಅಂತಿಯೋಕ್ಯದ ಪೇತ್ರನ ದಾರಿ. ಬೆಳೆಯ ಹಬ್ಬದಲ್ಲಿ ಎಲ್ಲಾ ಕೇರಿಗಳ ತಾಯಂದಿರೂ ಕೂಡಿ ಅಡಿಗೆ ಮಾಡಲಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಲಿ. ಮನೆಕೂಟಗಳು ಒಂದು ವಾರ ಒಂದು ಕೇರಿಯಲ್ಲಿ, ಮುಂದಿನ ವಾರ ಮತ್ತೊಂದು ಕೇರಿಯಲ್ಲಿ ನಡೆಯಲಿ. ಕೂಟಕ್ಕೆ ಹೋದವರು ಆ ಮನೆಯ ನೀರನ್ನು ಕುಡಿದೇ ಬರಲಿ.

ನಾಲ್ಕನೆಯದು, ಕರೆಯುವ ಮಾತು. ತಲೆ ನರೆತ ಕೂಲಿಯವರನ್ನು ಹುಡುಗರು ಏಕವಚನದಿಂದ ಕರೆಯುವದೂ ಹಣವುಳ್ಳವರ ಮಗನನ್ನು ಮುದುಕರು ಬಹುವಚನದಿಂದ ಕರೆಯುವದೂ ಕ್ರೈಸ್ತರಿಗೆ ತಕ್ಕದ್ದಲ್ಲ. ಅಪ್ಪ, ಅಮ್ಮ, ಅಣ್ಣ, ಅಕ್ಕ ಎಂಬ ಮಾತುಗಳು ವಯಸ್ಸಿಗೆ ಸಲ್ಲಲಿ. ಮಕ್ಕಳಿಗೆ ಇದನ್ನು ಭಾನುವಾರದ ಶಾಲೆಯಲ್ಲಿ ಕಲಿಸುವದಕ್ಕಿಂತ ಮನೆಯಲ್ಲಿ ನಾವೇ ಮಾಡಿ ತೋರಿಸುವದು ಲೇಸು.

ಐದನೆಯದು, ಹಿರಿಯರ ಪೀಠ. ಹಿರಿಯರ ಮಂಡಳಿಯ ಹೆಸರುಗಳನ್ನೂ ಕಾಣಿಕೆಯ ಲೆಕ್ಕ ಬರೆಯುವವರ ಹೆಸರುಗಳನ್ನೂ ಒಂದು ಕಾಗದದಲ್ಲಿ ಬರೆದು, ಅವರು ಯಾವ ಯಾವ ಕೇರಿಯವರೆಂದು ನೋಡಿರಿ. ಎಲ್ಲರೂ ಒಂದೇ ಕೇರಿಯವರಾಗಿದ್ದರೆ ಅಪೊಸ್ತಲರು ಮಾಡಿದ್ದನ್ನು ನೆನಸಿರಿ. ಯಾರು ಗೊಣಗುತ್ತಾರೋ ಅವರಲ್ಲಿಯೇ ಪವಿತ್ರಾತ್ಮಭರಿತರೂ ಜ್ಞಾನಸಂಪನ್ನರೂ ಆದವರನ್ನು ಹುಡುಕಿರಿ. ಅವರು ಸಿಕ್ಕಿದರೆ ಕೆಲಸವನ್ನು ಪೂರಾ ಅವರ ಕೈಗೆ ಕೊಡಿರಿ. ಹೆಸರನ್ನು ಮಾತ್ರ ಕೊಟ್ಟು ಬೀಗದ ಕೈಯನ್ನು ಸೊಂಟದಲ್ಲಿ ಇಟ್ಟುಕೊಳ್ಳಬೇಡಿರಿ.

ಆರನೆಯದು, ಮದುವೆಯೂ ಸಮಾಧಿಯೂ. ಮದುವೆಗೆ ಯಾರನ್ನೂ ಬಲಾತ್ಕರಿಸಲಾಗದು. ಆದರೆ ಇಬ್ಬರು ವಿಶ್ವಾಸಿಗಳು ಮನಸಾರೆ ಒಪ್ಪಿಕೊಂಡಾಗ ಹುಟ್ಟಿನ ಕುಲವನ್ನು ಎತ್ತಿ ತಡೆಯುವದು ಪಾಪವೇ. ಸಮಾಧಿಯ ಭೂಮಿಯಲ್ಲಿ ಜಾತಿಯ ಗಡಿಕಲ್ಲು ಇದ್ದರೆ ಅದನ್ನು ಕಿತ್ತುಹಾಕತಕ್ಕದ್ದು. ಒಂದೇ ತುತೂರಿಯ ಶಬ್ದಕ್ಕೆ ಏಳಬೇಕಾದವರು ಬೇರೆ ಬೇರೆ ಮಲಗುವದು ಯಾಕೆ?

ಇವುಗಳಲ್ಲಿ ಯಾವದಕ್ಕೂ ಹಣ ಬೇಕಾಗಿಲ್ಲ. ಮನಸ್ಸು ಬೇಕು; ಕೆಲವರ ಅಸಮಾಧಾನವನ್ನು ಸಹಿಸುವ ಧೈರ್ಯ ಬೇಕು. ಕೇಪ್ ಪ್ರಾಂತದವರು ಆ ಧೈರ್ಯವನ್ನು 28 ವರುಷಗಳಲ್ಲಿ ಕಳಕೊಂಡರು. ತರಂಗಂಬಾಡಿಯವರು ಮೊದಲಿನಿಂದಲೂ ಮುಂದಕ್ಕೆ ಹಾಕಿದರು. ನಾವಾದರೋ ಬರುವ ಭಾನುವಾರವೇ ಆರಂಭಿಸಬಹುದು.

ವಿಚಾರಿಸತಕ್ಕ ಪ್ರಶ್ನೆಗಳು

1. ಯೆರೂಸಲೇಮಿನ ಸಭೆಯು ಆರಿಸಿದ ಏಳು ಮಂದಿಯ ಹೆಸರುಗಳಿಂದ ಏನು ತಿಳಿಯುತ್ತೇವೆ?
2. ಪೇತ್ರನು ಉಪದೇಶವನ್ನು ಬದಲಾಯಿಸದೆ ಇದ್ದರೂ ಪೌಲನು ಅವನನ್ನು ಎದುರಿಸಿದ್ದು ಯಾಕೆ?
3. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಬಿಟ್ಟುಕೊಡುವವನು ಯಾರು? 1857ರಲ್ಲಿ ಬಿಟ್ಟುಕೊಡಬೇಕಾದವರು ಯಾರು?
4. ನಮ್ಮ ಸಭೆಯಲ್ಲಿ ಬಾಗಿಲು, ಮೇಜು, ಪೀಠ ಈ ಮೂರರಲ್ಲಿ ಯಾವದು ಇನ್ನೂ ಎಲ್ಲರದಾಗಿಲ್ಲ?
5. ಕಳೆದ ಒಂದು ವರುಷದಲ್ಲಿ ಬೇರೆ ಕೇರಿಯ ಯಾವ ವಿಶ್ವಾಸಿಯ ಮನೆಯಲ್ಲಿ ನಾವು ಊಟಮಾಡಿದೆವು?

ಪ್ರಾರ್ಥನೆಯ ವಿಷಯ: ಸಭೆಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕೂತಿರುವವರ ಗೊಣಗಾಟವನ್ನು ನಾವು ಕೇಳಿಸಿಕೊಳ್ಳುವಂತೆ ಕರ್ತನು ನಮ್ಮ ಕಿವಿಗಳನ್ನು ತೆರೆಯಲಿ, ಮುಂದಿನ ಸಾಲಿನವರಿಗೆ ಸರಿದು ಸ್ಥಳ ಕೊಡುವ ಮನಸ್ಸನ್ನು ಕೊಡಲಿ.